ಜೋಡಿ ಕ್ಯಾಮೆರಾದ ಬ್ರವ್ ಚೌಕಟ್ಟು: ದ್ವೀಪದ ಸಮುದ್ರ ಮೀಸಲಿನಲ್ಲಿ ಮೂರು ವಾರ ಬಳಸಿದ ಮೇಲೆ

ಉಷ್ಣವಲಯದ ದ್ವೀಪವೊಂದನ್ನು ಸುತ್ತುವರಿದ ಸಮುದ್ರ ಮೀಸಲಿನಲ್ಲಿ ಮೀನುಗಳ ಸಮೀಕ್ಷೆ ನಡೆಸಲು ನಮ್ಮ ತಂಡವು ಬಾಡಿಗೆಗೆ ಪಡೆದಿದ್ದ ಉಪಕರಣದ ವಿಮರ್ಶೆ ಇದು. ಸಮೀಕ್ಷಕರ ಮಾತಿನಲ್ಲಿ ಇದರ ಹೆಸರು ಬ್ರವ್; ‘ಬೇಟೆಡ್ ರಿಮೋಟ್ ಅಂಡರ್‌ವಾಟರ್ ವಿಡಿಯೊ’ ಎಂಬುದರ ಹ್ರಸ್ವರೂಪ. ಎರೆಯ ಚೀಲವನ್ನು ಉದ್ದನೆಯ ಕೋಲಿನ ತುದಿಗೆ ಕಟ್ಟಿಕೊಂಡು, ಎರಡು ಕ್ಯಾಮೆರಾಗಳನ್ನು ಹೊತ್ತು ಸಮುದ್ರತಳದಲ್ಲಿ ಒಂದು ಗಂಟೆ ಸುಮ್ಮನೆ ಕೂರುವ ಉಕ್ಕಿನ ಚೌಕಟ್ಟು ಎಂದರೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ಮುಳುಗುಗಾರರು 50 ಮೀಟರ್ ಟೇಪು ಹಾಸಿ, ಅದರ ಇಕ್ಕೆಲಗಳಲ್ಲಿ ಕಂಡ ಮೀನುಗಳನ್ನು ಎಣಿಸುವ ಹಳೆಯ ವಿಧಾನವಿರುವಾಗ ಇದೇಕೆ ಎಂಬ ಪ್ರಶ್ನೆ ಸಹಜ. ಮೀನುಗಾರಿಕೆ ನಡೆಯುವ ಕಡೆ ದೊಡ್ಡ ಮೀನುಗಳು ಮನುಷ್ಯನ ಉಸಿರ್ಗುಳ್ಳೆಗಳ ಸದ್ದಿಗೇ ದೂರ ಸರಿಯುತ್ತವೆ. ಮೀಸಲಿನೊಳಗೆ ಅವೇ ಮೀನುಗಳು ಕುತೂಹಲದಿಂದ ಹತ್ತಿರ ಬರುವುದೂ ಉಂಟು. ಹೀಗಾಗಿ ಒಳಗಿನ ಮತ್ತು ಹೊರಗಿನ ಎಣಿಕೆಗಳನ್ನು ಹೋಲಿಸುವಾಗ ಮೀಸಲಿನ ಪ್ರಯೋಜನ ಇರುವುದಕ್ಕಿಂತ ಹೆಚ್ಚಾಗಿ ಕಾಣುವ ಅಪಾಯವಿದೆ. ಕ್ಯಾಮೆರಾಗೆ ಈ ತೊಡಕಿಲ್ಲ. 58 ದೇಶಗಳ 371 ಹವಳದ ದಿಬ್ಬಗಳಲ್ಲಿ ಶಾರ್ಕ್‌ಗಳನ್ನು ಹುಡುಕಿ, ಸುಮಾರು ಐದರಲ್ಲಿ ಒಂದು ದಿಬ್ಬದಲ್ಲಿ ಅವು ಕಾಣಲೇ ಇಲ್ಲವೆಂದು 2020ರಲ್ಲಿ ವರದಿ ಮಾಡಿದ ಗ್ಲೋಬಲ್ ಫಿನ್‌ಪ್ರಿಂಟ್ ಯೋಜನೆ ನಡೆದದ್ದೂ ಇಂಥ ಎರೆ ಕಟ್ಟಿದ ಕ್ಯಾಮೆರಾಗಳಿಂದಲೇ.

ಚಿತ್ರದ ಗುಣಮಟ್ಟದ ಬಗ್ಗೆ ದೂರಿಲ್ಲ. ನುರಿದ ಬೂತಾಯಿಯ ಎಣ್ಣೆ ನೀರಿನಲ್ಲಿ ಹರಡಿದ ಕೆಲವೇ ನಿಮಿಷಗಳಲ್ಲಿ ಕೆಂಬೇರಿ ಜಾತಿಯ ಮೀನುಗಳು ಸೇರುತ್ತಿದ್ದವು. ಒಂದು ದಿನ ಮೊರೆ ಹಾವುಮೀನೊಂದು ಚೀಲಕ್ಕೆ ಸುತ್ತಿಕೊಂಡು ಅರ್ಧ ಗಂಟೆ ಬಿಡಲಿಲ್ಲ. ಅದರ ಹಿಂದೆ ಬೂದು ಶಾರ್ಕ್‌ಗಳು ಬಂದು ಹೋದವು. ಒಂದೇ ಶಾರ್ಕ್ ಹತ್ತು ಸಲ ಬಂದರೆ ಹತ್ತು ಶಾರ್ಕ್ ಎಂದು ಬರೆಯುವಂತಿಲ್ಲವಾದ್ದರಿಂದ, ವಿಡಿಯೊದ ಯಾವುದೇ ಒಂದು ಕ್ಷಣದ ಚಿತ್ರದಲ್ಲಿ ಒಟ್ಟಿಗೆ ಕಂಡ ಗರಿಷ್ಠ ಸಂಖ್ಯೆಯನ್ನಷ್ಟೇ ದಾಖಲಿಸುವುದು ನಿಯಮ. ಗಂಟೆಯ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಲು ಅದರ ಹಲವು ಪಟ್ಟು ಸಮಯ ಬೇಕೆಂಬುದನ್ನು ಬಾಡಿಗೆಗೆ ಕೊಟ್ಟವರು ಮೊದಲೇ ಹೇಳಬಹುದಿತ್ತು.

ನಿಜವಾದ ತಕರಾರು ಅಳತೆಯದು. ಎರಡೂ ಕ್ಯಾಮೆರಾಗಳ ಚಿತ್ರಗಳನ್ನು ಹೋಲಿಸಿ ತಂತ್ರಾಂಶವು ಮೀನಿನ ಉದ್ದವನ್ನು ಲೆಕ್ಕ ಹಾಕುತ್ತದೆ. ಎರಡು ಕ್ಯಾಮೆರಾಗಳ ನಡುವಿನ ಅಂತರ ಮತ್ತು ಅವು ಒಳಮುಖವಾಗಿ ಬಾಗಿರುವ ಕೋನ ಕದಲದಿದ್ದರೆ ಮಾತ್ರ ಮೀನಿನ ಉದ್ದವನ್ನು ನಂಬಬಹುದು. ನಮಗೆ ಬಂದ ಚೌಕಟ್ಟಿನಲ್ಲಿ ಎಡಗಡೆಯ ಕ್ಯಾಮೆರಾದ ಬೋಲ್ಟ್, ದೋಣಿಯ ಕುಲುಕಾಟಕ್ಕೋ ಏನೋ, ಎರಡನೆಯ ವಾರ ಸಡಿಲವಾಗಿತ್ತು. ಸಂಜೆ ಪರೀಕ್ಷೆಗೆಂದು ನೀರಿನಲ್ಲಿ ಹಿಡಿದ 500 ಮಿಲಿಮೀಟರ್ ಕೋಲನ್ನು ತಂತ್ರಾಂಶವು 540 ಎಂದು ತೋರಿಸಿದಾಗಲೇ ಅದು ಗೊತ್ತಾದದ್ದು. ಶೇ. 8ರ ತಪ್ಪು ಸಣ್ಣದೆನಿಸಬಹುದು. ಆದರೆ ಮೀನಿನ ತೂಕ ಹೆಚ್ಚುಕಡಿಮೆ ಉದ್ದದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಅದೇ ತಪ್ಪು ತೂಕದ ಅಂದಾಜಿನಲ್ಲಿ ಶೇ. 26ರಷ್ಟಾಗುತ್ತದೆ. ಮೀನುಗಾರಿಕೆಯ ಮಿತಿಯನ್ನು ನಿರ್ಧರಿಸುವವರ ಕೈಗೆ ಇಂಥ ಅಂಕಿಗಳನ್ನು ಕೊಡುವಂತಿಲ್ಲವಾದ್ದರಿಂದ ನಾಲ್ಕು ದಿನಗಳ ಉದ್ದದ ಲೆಕ್ಕವನ್ನು ಕೈಬಿಟ್ಟು, ಎಣಿಕೆಯನ್ನು ಮಾತ್ರ ಉಳಿಸಿಕೊಂಡೆವು. ಕಂಪನಿಗೆ ಬರೆದಾಗ ಬಂದ ಉತ್ತರ ಸೌಜನ್ಯದ್ದಾಗಿತ್ತು, ಬೋಲ್ಟಿನ ಬಗ್ಗೆ ಮಾತ್ರ ಅದರಲ್ಲಿ ಏನೂ ಇರಲಿಲ್ಲ.

ಪಾಚಿ ಮೇಯುವ ಗಿಳಿಮೀನುಗಳು, ಹವಳದ ಸಂದಿಗಳಲ್ಲಿ ಅಡಗುವ ಪುಟ್ಟ ಮೀನುಗಳು ಎರೆಯನ್ನು ನಂಬಿದ ಈ ಸಾಧನಕ್ಕೆ ಸರಿಯಾಗಿ ಸಿಗುವುದಿಲ್ಲ. ಎರೆಯ ವಾಸನೆ ಎಷ್ಟು ದೂರ ಹೋಯಿತೆಂಬುದು ಪ್ರವಾಹವನ್ನು ಅವಲಂಬಿಸಿರುವುದರಿಂದ ಚದರ ಮೀಟರಿಗೆ ಇಷ್ಟು ಮೀನು ಎಂದೂ ಹೇಳಲಾಗದು. ಅದಕ್ಕೆ ಟೇಪು ಹಿಡಿದ ಮುಳುಗುಗಾರರೇ ಬೇಕು. ಶಾರ್ಕ್ ಮತ್ತು ದೊಡ್ಡ ಬೇಟೆಗಾರ ಮೀನುಗಳೇ ಮುಖ್ಯವಾದ ಸಮೀಕ್ಷೆಗೆ ನಾನು ಇದೇ ಚೌಕಟ್ಟನ್ನು ಮತ್ತೆ ತರಿಸುತ್ತೇನೆ. ಆಗ ಕ್ಯಾಮೆರಾ ಕೂರುವ ಕಂಬಿಯನ್ನು ಬೋಲ್ಟಿನ ಬದಲು ಬೆಸುಗೆ ಹಾಕಿಸಿ ಕಳುಹಿಸಲು ಕೇಳುತ್ತೇನೆ, ಅಳತೆಯ ಕೋಲನ್ನು ಪ್ರತಿದಿನ ಮೊದಲ ಇಳಿಕೆಗೆ ಮುಂಚೆಯೇ ನೀರಿನಲ್ಲಿ ಹಿಡಿದು ನೋಡುತ್ತೇನೆ.