ರೆಡ್‌ಕ್ಲಾ ಮೊಟ್ಟೆ: ತಾಯಿಯ ಬಳಿಯೇ ಬಿಡುವುದೋ, ಟ್ರೇಗೆ ಇಳಿಸುವುದೋ?

ರೆಡ್‌ಕ್ಲಾ ಎಂದರೆ ಸಿಗಡಿಯ ಬಳಗದ, ಸಿಹಿನೀರಿನ ಒಂದು ಕ್ರೇಫಿಶ್. ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅದರ ಹ್ಯಾಚರಿಯಲ್ಲಿ, ಅಂದರೆ ಮರಿ ಮಾಡಿಸುವ ಕೇಂದ್ರದಲ್ಲಿ, ಕೆಲಸ ಮಾಡುತ್ತಾ ಮೊಟ್ಟೆಯನ್ನು ತಾಯಿಯ ಮೈಮೇಲೇ ಬಿಟ್ಟೂ, ಬಿಡಿಸಿ ನೀರು ಹರಿಯುವ ಟ್ರೇಯಲ್ಲಿಟ್ಟೂ ಮರಿ ಮಾಡಿಸಿ ನೋಡಿದ್ದೇನೆ. ದಿನಾ ಕೂತು ಸತ್ತ ಮೊಟ್ಟೆ ಆರಿಸಲು ಆಳಿಲ್ಲದವರು ಟ್ರೇ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ನಮ್ಮೂರ ಸಿಹಿನೀರು ಸಿಗಡಿಯ ಮರಿಗೆ ಆರಂಭದಲ್ಲಿ ಉಪ್ಪು ಬೆರೆತ ನೀರು ಬೇಕು, ಲಾರ್ವಾ ಹಂತಗಳನ್ನೂ ದಾಟಿಸಬೇಕು. ರೆಡ್‌ಕ್ಲಾಗೆ ಆ ರಗಳೆಯಿಲ್ಲ. ಮೊಟ್ಟೆಯೊಡೆದು ಬರುವುದೇ ಪುಟ್ಟ ಕ್ರೇಫಿಶ್. ಕಷ್ಟವೆಲ್ಲ ಅದಕ್ಕೂ ಮುಂಚಿನ ಸುಮಾರು ಆರು ವಾರಗಳದ್ದು.

ತಾಯಿ ಬಾಲದಡಿಯ ಈಜುಗಾಲುಗಳಿಗೆ ನೂರಾರು ಮೊಟ್ಟೆ ಅಂಟಿಸಿಕೊಂಡು, ಬೀಸಣಿಗೆಯಂತೆ ಬೀಸುತ್ತಲೇ ಇರುತ್ತಾಳೆ. ಹಿಂಗಾಲಿನ ತುದಿಯಿಂದ ಕೆಟ್ಟದ್ದನ್ನು ಕೆದಕಿ ತೆಗೆಯುತ್ತಾಳೆ. ಸಂಬಳವಿಲ್ಲದ ಈ ಚಾಕರಿಗೆ ಯಾವ ಪಂಪೂ ಸಮವಲ್ಲ. ತೊಂದರೆ ಬೇರೆಡೆ: ಹಿಡಿದಾಗ ಬಾಲ ಬಡಿದು ಮೊಟ್ಟೆ ಉದುರಿಸುತ್ತಾಳೆ, ಗಾಬರಿಯಾದರೆ ತಾನೇ ತಿನ್ನುತ್ತಾಳೆ. ಒಬ್ಬೊಬ್ಬಳ ಮರಿ ಒಂದೊಂದು ದಿನ ಹೊರಬಂದರೆ ದೊಡ್ಡವು ಚಿಕ್ಕವನ್ನು ಮುಗಿಸುತ್ತವೆ. ಮೊಟ್ಟೆಯ ಬಣ್ಣ ನೋಡಿ ತಾಯಂದಿರನ್ನು ಗುಂಪು ಮಾಡಿದ ಮೇಲೆ ನಮಗೆ ಆ ಕಾಟ ಎಷ್ಟೋ ಕಮ್ಮಿಯಾಯಿತು.

ಟ್ರೇಯಲ್ಲಿ ಎಲ್ಲ ನಿಂತಿರುವುದು ಮೊಟ್ಟೆಯನ್ನು ತಾಯಿಯಿಂದ ಬಿಡಿಸುವ ಹೊತ್ತಿನ ಮೇಲೆ. ಹಸಿರು ಛಾಯೆಯ ಎಳೆ ಮೊಟ್ಟೆ ಬಿಡಿಸಿದರೆ ಬಹುಪಾಲು ಬೆಳ್ಳಗಾಗಿ ಸಾಯುತ್ತದೆ. ಕೆಂಪಡರಿ, ಒಳಗೆ ಎರಡು ಕಪ್ಪು ಚುಕ್ಕೆಯಾಗಿ ಕಣ್ಣು ಕಂಡ ಮೇಲೆ ತಾಯಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೊಟ್ಟೆಯನ್ನು ಈಜುಗಾಲಿಗೆ ಅಂಟಿಸಿರುವ ಸಣ್ಣ ಕಾಂಡವನ್ನು ಚಿಮುಟದಿಂದ ಹಿಡಿದು ಬಿಡಿಸಿದರೆ ಬದುಕಿ ಉಳಿಯುತ್ತದೆ, ಮೊಟ್ಟೆಯನ್ನೇ ಅದುಮಬಾರದು. ನೀರು ಸುಮಾರು 28 ಡಿಗ್ರಿ ಇರಬೇಕು, ಮೊಟ್ಟೆ ಮೆಲ್ಲಗೆ ಅಲುಗಾಡುವಷ್ಟೇ ಹರಿಯಬೇಕು. ಒಂದು ಸತ್ತ ಮೊಟ್ಟೆ ಉಳಿದರೂ ಅದರ ಬೂಸ್ಟು ಹತ್ತಿಯೆಳೆಯಂತೆ ಅಕ್ಕಪಕ್ಕದವನ್ನು ಹೆಣೆದುಬಿಡುತ್ತದೆ. ಬೂಸ್ಟು ಕೊಲ್ಲುವ ಫಾರ್ಮಲಿನ್ ರಾಸಾಯನಿಕ ಬೆರೆಸಿದ ನೀರಿನ ಸ್ನಾನ ಅದನ್ನು ತಡೆಯುತ್ತದೆ, ಆದರೆ ಮರಿ ಹೊರಬೀಳುವ ಮುಂಚೆ ನಿಲ್ಲಿಸಬೇಕು. ಕೈಗವಸು ಮರೆಯಬೇಡಿ, ಆ ವಾಸನೆಗೇ ಕಣ್ಣಲ್ಲಿ ನೀರು.

ಇಷ್ಟೆಲ್ಲ ಪಾಡು ಪಡುವುದು ಯಾಕೆಂದರೆ, ತಾಯಿಯ ಮೈಮೇಲಿನ ಟೆಮ್ನೋಸೆಫಾಲಿಡ್ ಚಪ್ಪಟೆ ಹುಳುಗಳು ಮರಿಗೆ ದಾಟುವುದಿಲ್ಲ, ಕೊಳಕ್ಕೆ ಬಿಡಲು ಒಂದೇ ವಯಸ್ಸಿನ ಮರಿ ಸಿಗುತ್ತವೆ. ಮರಿ ಮಾರುವ ಹ್ಯಾಚರಿಗೆ ಅದೇ ಬಂಡವಾಳ. ಸ್ವಂತ ಕೊಳಕ್ಕಷ್ಟೇ ಬೇಕಿದ್ದರೆ ನಾನು ತಾಯಿಯ ಕಡೆಗೇ ಓಟು ಹಾಕುತ್ತೇನೆ.

ಟ್ರೇ ಹಿಡಿದವರು ಒಳಗೆ ಒಂದು ತುಂಡು ಬಲೆ ಹಾಸಿ. ಹೊಸ ಮರಿ ಈಜುವುದಿಲ್ಲ, ತಾಯಿಯ ಕಾಲಿನ ಬದಲು ಕಚ್ಚಿ ಹಿಡಿಯಲು ಅದಕ್ಕೆ ಏನಾದರೂ ಬೇಕು.