ನಾಲ್ಕು ಮಳೆಗಾಲ ಕಂಡ ಸ್ಲೂಯ್ಸ್ ಬಾಕ್ಸ್: ಅಂಗಡಿಯ ಕಸಕ್ಕೆ ಸೈ, ಹೊಳೆಗಲ್ಲ

ಶಿವಮೊಗ್ಗದಲ್ಲಿ ನನ್ನದೊಂದು ಚಿಕ್ಕ ಅಕ್ಕಸಾಲಿ ಅಂಗಡಿ. ಅರ ಹಾಕುವಾಗ ಉದುರುವ ಪುಡಿ ಎಷ್ಟು ಜಾಗ್ರತೆ ವಹಿಸಿದರೂ ನೆಲ ಸೇರುತ್ತದೆ. ತಂದೆಯವರು ವರ್ಷದ ಕಸವನ್ನೆಲ್ಲ ಚೀಲಕ್ಕೆ ತುಂಬಿಟ್ಟು, ಅದನ್ನು ತೊಳೆದು ಚಿನ್ನ ತೆಗೆಯುವ ಜಲಗಾರರಿಗೆ ಮಾರುತ್ತಿದ್ದರು. ಅವರು ಹೇಳಿದ್ದೇ ಬೆಲೆ. ಆ ಸಿಟ್ಟಿಗೇ 4 ವರ್ಷಗಳ ಹಿಂದೆ 7,200 ರೂಪಾಯಿ ಕೊಟ್ಟು ನೀರು ಹರಿಸಿ ಚಿನ್ನ ಬೇರ್ಪಡಿಸುವ 3 ಅಡಿ ಉದ್ದದ ಅಲ್ಯುಮಿನಿಯಂ ಸ್ಲೂಯ್ಸ್ ಬಾಕ್ಸ್ ತರಿಸಿದೆ.

ಎರಡೂ ತುದಿ ತೆರೆದ ತೊಟ್ಟಿ, ತಳದಲ್ಲಿ ರಬ್ಬರ್ ಹಾಸು, ಮೇಲೆ ಅಡ್ಡಪಟ್ಟಿಗಳು, ಅಷ್ಟೇ. ಅಡಿಕೆ ದಬ್ಬೆಯಲ್ಲಿ ತೋಟಕ್ಕೆ ನೀರು ಹಾಯಿಸುವುದನ್ನು ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ನೀರು ಪಟ್ಟಿಯನ್ನು ದಾಟಿ ಇಳಿಯುವಲ್ಲಿ ಸಣ್ಣ ಸುಳಿ ಏಳುತ್ತದೆ. ಬೂದಿ, ಮರಳು ಕೊಚ್ಚಿಹೋಗುತ್ತವೆ, ಭಾರದ್ದು ಪಟ್ಟಿಯ ಹಿಂದೆ ಕೂರುತ್ತದೆ. ಅಪರಂಜಿಯ ಸಾಂದ್ರತೆ ನೀರಿನ 19.3 ಪಟ್ಟು, ಮರಳಿನ ಬೆಣಚುಕಲ್ಲಿನದು 2.65 ಪಟ್ಟು.

ಮೊದಲ ವರ್ಷ ನಾನು ಮೋಸಹೋದದ್ದು ಇಳಿಜಾರಿನಲ್ಲಿ. ಅಡಿಗೆ 1 ಅಂಗುಲ ಇಳಿಜಾರು ಕೊಡಿ ಎನ್ನುತ್ತದೆ ಕೈಪಿಡಿ. ಅದು ಹೊಳೆಯ ಜಲ್ಲಿಗೆ ಹೇಳಿದ ಮಾತು. ನಮ್ಮ ಅರದ ಪುಡಿಗೆ ಆ ಓಟ ಹೆಚ್ಚು. ಕೆಳಗಿನ ಬಕೆಟ್ಟಿನ ಕೆಸರನ್ನು ಮರಿಗೆಯಲ್ಲಿ ಆಡಿಸಿ ನೋಡಿದರೆ ಅಲ್ಲಿಯೂ ಮಿನುಗು! ಈಗ ಅಡಿಕೆ ಮರದ ಬೆಣೆ ಕೊಟ್ಟು ಅಡಿಗೆ ಮುಕ್ಕಾಲು ಅಂಗುಲಕ್ಕೂ ಕಡಿಮೆ ಇಡುತ್ತೇನೆ. ಅಡ್ಡಕ್ಕೆ ರಸಮಟ್ಟ ಹಿಡಿಯುವುದನ್ನು ಮರೆಯಬಾರದು. ಕೂದಲೆಳೆಯಷ್ಟು ವಾಲಿದರೂ ನೀರೆಲ್ಲ ಒಂದೇ ಮಗ್ಗುಲಿಗೆ ಓಡುತ್ತದೆ. ಪಟ್ಟಿಗಳ ನಡುವೆ ಪುಡಿ ಕುಣಿಯುತ್ತಿರಬೇಕು. ಗಟ್ಟಿಯಾಗಿ ಹೆಪ್ಪುಗಟ್ಟಿದರೆ ನೀರು ಸಾಲದು, ಹಾಸು ಬೋಳಾಗಿ ಕಂಡರೆ ನೀರು ಜಾಸ್ತಿ.

ಕಸವನ್ನು ಹಾಗೆಯೇ ಸುರಿದರೆ ಕೆಲಸವಾಗದು. ಸುಟ್ಟು, ಅರೆದು, ಜರಡಿ ಹಿಡಿದು, ಆಯಸ್ಕಾಂತ ಆಡಿಸಬೇಕು. ಅರದಿಂದ ಉದುರಿದ ಕಬ್ಬಿಣವೂ ಭಾರದ್ದೇ, ಚಿನ್ನದ ಜಾಗ ಹಿಡಿದು ಕೂರುತ್ತದೆ. ನೀರಿಗೆ ಒಂದೆರಡು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕದಿದ್ದರೆ ನವುರಾದ ಪುಡಿ ತೇಲಿಯೇ ಹೋದೀತು. ಒಂದು ಸಲಕ್ಕೆ ಒಂದು ಚಮಚೆ, ಅದಕ್ಕಿಂತ ಹೆಚ್ಚಿಲ್ಲ. ನೀರನ್ನು ಡ್ರಮ್ಮಿನಲ್ಲಿ ತಿಳಿಗೊಳಿಸಿ ಅದನ್ನೇ ಮತ್ತೆ ಪಂಪಿನಿಂದ ಎತ್ತುತ್ತೇನೆ.

ದೂರುಗಳೂ ಇವೆ. ಹಾಸಿನ ಅಂಟು ಎರಡನೆಯ ಆಷಾಢದಲ್ಲೇ ಬಿಟ್ಟುಕೊಂಡಿತು. ಅಲ್ಯುಮಿನಿಯಂ ತೊಟ್ಟಿಗೆ ತುಕ್ಕು ಹಿಡಿಯುವ ಸ್ಕ್ರೂ ಯಾಕೆ ಹಾಕಿದರೋ! ಮಾರಿದವರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ. ಸ್ಟೀಲ್ ಸ್ಕ್ರೂ ನಾನೇ ಹಾಕಿಸಿದೆ.

ಇದನ್ನು ನೋಡಿದವರೆಲ್ಲ ತುಂಗೆಗೆ ಒಯ್ಯೋಣವೇ ಎಂದು ಕೇಳುತ್ತಾರೆ. ಹೊನ್ನಾಳಿಯ ಕಡೆ ಒಂದು ಕಾಲಕ್ಕೆ ಚಿನ್ನದ ಗಣಿ ತೋಡಿದ್ದು ನಿಜವೇ. ಆದರೆ ಪರವಾನಗಿ ಇಲ್ಲದೆ ಚಿನ್ನ ಹುಡುಕುವುದಕ್ಕೆ 1957ರ ಗಣಿ ಮತ್ತು ಖನಿಜ ಕಾಯ್ದೆ ಅವಕಾಶ ಕೊಡುವುದಿಲ್ಲ. ಅಂಗಡಿಯ ಕಸಕ್ಕೆ ಆ ತೊಡಕಿಲ್ಲ.

ಕಳೆದ ವರ್ಷದ ಕಸವನ್ನು ತೊಳೆದು, ಬಿಳಿಗಾರ ಹಾಕಿ ಮೂಸೆಯಲ್ಲಿ ಕರಗಿಸಿದಾಗ 6.4 ಗ್ರಾಂ ಗುಂಡು ಬಂತು. ಒರೆಗಲ್ಲಿನಲ್ಲಿ 22 ಕ್ಯಾರೆಟ್ಟಿಗಿಂತ ಕೆಳಗೆ. ಬೆಸುಗೆಯ ಪುಡಿ, ಬೆಳ್ಳಿ ಎಲ್ಲ ಸೇರಿರುತ್ತದಲ್ಲ. ಪಾಲಿಶ್ ಯಂತ್ರದ ದೂಳು ಮಾತ್ರ ಈ ತೊಟ್ಟಿಗೆ ಸಿಗುವುದೇ ಇಲ್ಲ, ಅಷ್ಟು ನವುರು. ಅದನ್ನು ಈಗಲೂ ಜಲಗಾರರಿಗೇ ಕೊಡುತ್ತೇನೆ. ಮೊದಲ ವರ್ಷ ನಾನು ತೊಳೆದು ಉಳಿದ ಕೆಸರಿನ ಚೀಲವನ್ನೂ ಅವರು ನಗುನಗುತ್ತಾ ಕೊಂಡಿದ್ದರು. ಈ ವರ್ಷ ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿದರು, ಚೀಲವನ್ನು ಇದ್ದಲ್ಲೇ ಬಿಟ್ಟು ಹೋದರು.