ಉಬ್ಬಿದ ಬ್ಯಾಟರಿ ಕೆಳಗೆ ಉಕ್ಕಿನ ಪಟ್ಟಿ ತೂರಿಸಿದೆ, ನೀವು ಹಾಗೆ ಮಾಡಬೇಡಿ

ನನ್ನ ಬಲಗೈಯ ಎರಡು ಬೆರಳ ತುದಿಯಲ್ಲಿ ಚರ್ಮ ಈಗಲೂ ನುಣುಪಾಗಿದೆ. ಫೋನಿನ ಲಾಕ್ ಆ ಬೆರಳನ್ನು ಒಮ್ಮೊಮ್ಮೆ ಗುರುತಿಸುವುದೇ ಇಲ್ಲ. ಹಳೇ ಐಪಾಡ್ ಒಂದಕ್ಕೆ ದೊಡ್ಡ ಬ್ಯಾಟರಿ ತುರುಕಲು ಹೋಗಿ ಆದದ್ದು ಇದು. ಹಳೇ ಕಂಪ್ಯೂಟರ್, ಗ್ಯಾಜೆಟ್ ಬಿಚ್ಚಿಕೊಂಡು ಕೂರುವ ಚಟ ಇರುವವರು ಓದಲಿ ಅಂತ ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ. ಹೆಚ್ಚುಕಡಿಮೆ ಎಲ್ಲಾ ತಪ್ಪೂ ನನ್ನದೇ.

ಅದು 2005ರಲ್ಲಿ ಬಂದ ಐದನೇ ತಲೆಮಾರಿನ ಐಪಾಡ್, 30 ಜಿಬಿಯದು. ಒಳಗೆ 1.8 ಇಂಚಿನ ತಿರುಗುವ ಹಾರ್ಡ್ ಡಿಸ್ಕ್. ಕೈಗೆ ಬಂದಾಗ ಡಿಸ್ಕ್ ಟಕ್ ಟಕ್ ಅನ್ನುತ್ತಿತ್ತು. ಬೇರೆಯವರಿಗೆ ಅದು ಸಾವಿನ ಸದ್ದು, ನಮ್ಮಂಥವರಿಗೆ ಹಬ್ಬ. ಡಿಸ್ಕ್ ತೆಗೆದು, ಅದೇ ರಿಬ್ಬನ್ ಕೇಬಲ್‌ಗೆ ಪುಟ್ಟ ಅಡಾಪ್ಟರ್ ಸಿಕ್ಕಿಸಿ, ಎಸ್‌ಡಿ ಕಾರ್ಡ್ ಹಾಕಿದರೆ ಮುಗಿಯಿತು. ಸದ್ದಿಲ್ಲ, ಭಾರವಿಲ್ಲ, ಕರೆಂಟೂ ಕಡಿಮೆ ಸಾಕು. ಮೇಲೆ ರಾಕ್‌ಬಾಕ್ಸ್ ಅನ್ನುವ ಬದಲಿ ಸಾಫ್ಟ್‌ವೇರ್ ಹಾಕಿಕೊಂಡರೆ, ಗುಣಮಟ್ಟ ಕಳೆಯದ ಫ್ಲ್ಯಾಕ್ ಫೈಲುಗಳನ್ನೂ ಹಾಡುತ್ತದೆ. ಅಷ್ಟಕ್ಕೆ ಸುಮ್ಮನಾಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಡಿಸ್ಕ್ ಹೋದ ಜಾಗ ಖಾಲಿ ಕಾಣುತ್ತಿತ್ತು. ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ, ಅಲ್ವಾ? ಬೇರೆಯವರು ಇದೇ ಮಾಡೆಲ್‌ಗೆ 3,000 ಎಂಎಎಚ್ ಬ್ಯಾಟರಿ ಹಾಕಿ ವಾರಗಟ್ಟಲೆ ಚಾರ್ಜ್ ಇಲ್ಲದೆ ಹಾಡು ಕೇಳುವುದನ್ನು ನೋಡಿದ್ದೆ. ನಾನೂ ಆನ್‌ಲೈನ್‌ನಲ್ಲಿ ಒಂದು ತರಿಸಿದೆ. ಮಾರುವವನು ‘ಇದಕ್ಕೆ ಕೂರುತ್ತದೆ’ ಅಂತಷ್ಟೇ ಬರೆದಿದ್ದ. ದಪ್ಪ ಎಷ್ಟು ಅಂತ ಬರೆದಿರಲಿಲ್ಲ. ನಾನು ಕೇಳಲೂ ಇಲ್ಲ.

ನಾನು ಗಮನಿಸದೇ ಬಿಟ್ಟದ್ದು ಇನ್ನೊಂದಿತ್ತು. ಆ ಐಪಾಡ್ ಎರಡು ದಪ್ಪದಲ್ಲಿ ಬಂದಿತ್ತು. 30 ಜಿಬಿಯದು 11 ಮಿಲಿಮೀಟರ್, 60 ಜಿಬಿಯದು 14. ದೊಡ್ಡ ಬ್ಯಾಟರಿ ಹಾಕುವವರು ದಪ್ಪ ಮಾಡೆಲ್‌ನ ಬೆನ್ನು, ಅಂದರೆ ಹಿಂದಿನ ಮುಚ್ಚಳ, ತಂದು ಹಾಕಿಕೊಳ್ಳುತ್ತಾರೆ. ನನ್ನದು ತೆಳು ಬೆನ್ನು. ಮೂರು ಮಿಲಿಮೀಟರ್ ಏನು ಮಹಾ ಅಂತ ಅನಿಸಬಹುದು. ಇಂಥ ಡಬ್ಬಿಯೊಳಗೆ ಮೂರು ಮಿಲಿಮೀಟರ್ ಅಂದರೆ ಒಂದು ಕೋಣೆಯೇ.

ಮುಚ್ಚುವಾಗಲೇ ಗೊತ್ತಾಗಬೇಕಿತ್ತು. ಬೆನ್ನು ಕೂರಲಿಲ್ಲ. ಒಂದು ಬದಿ ಒತ್ತಿದರೆ ಇನ್ನೊಂದು ಬದಿ ಏಳುತ್ತಿತ್ತು. ಎರಡೂ ಹೆಬ್ಬೆರಳು ಊರಿ, ಉಸಿರು ಬಿಗಿಹಿಡಿದು ಒತ್ತಿದೆ. ಟಕ್ ಅಂತ ಕೂತಿತು. ಗೆದ್ದೆ ಅಂದುಕೊಂಡೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಮಾತು ಬ್ಯಾಟರಿಗೂ ಸಲ್ಲುತ್ತದೆ ಅಂತ ಆಗ ಹೊಳೆಯಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಬ್ಯಾಟರಿಯ ಬಗ್ಗೆ ಹೇಳಬೇಕು. ಇದು ಗೊತ್ತಿದ್ದರೆ ನಾನು ಆ ಹೆಬ್ಬೆರಳು ಊರುತ್ತಿರಲಿಲ್ಲ.

ನಾನು ಹಾಕಿದ್ದು ಪೌಚ್ ಸೆಲ್, ಅಂದರೆ ಬೆಳ್ಳಿಬಣ್ಣದ ಚೀಲ. ಒಳಗೆ ತಾಮ್ರದ ಹಾಳೆ, ಅಲ್ಯೂಮಿನಿಯಂ ಹಾಳೆ, ನಡುವೆ ಸೆಪರೇಟರ್ ಅನ್ನುವ ಪ್ಲಾಸ್ಟಿಕ್ ಪೊರೆ. ಇವನ್ನು ಪದರ ಪದರವಾಗಿ ಸುತ್ತಿಯೋ ಜೋಡಿಸಿಯೋ ಇಟ್ಟಿರುತ್ತಾರೆ. ಆ ಪೊರೆಯ ದಪ್ಪ ಸುಮಾರು 20 ಮೈಕ್ರೋಮೀಟರ್, ತಲೆಗೂದಲಿಗಿಂತ ಎಷ್ಟೋ ತೆಳು. ಪ್ಲಸ್ಸು ಮೈನಸ್ಸು ಒಂದಕ್ಕೊಂದು ತಾಗದಂತೆ ತಡೆಯುವುದು ಅದೊಂದೇ. ಹೊರಗೆ ಗಟ್ಟಿ ಕವಚವಿಲ್ಲ. ಚಾರ್ಜ್ ಆಗುವಾಗ ಸೆಲ್ ಸ್ವಲ್ಪ ಹಿಗ್ಗುತ್ತದೆ, ಖಾಲಿಯಾಗುವಾಗ ಕುಗ್ಗುತ್ತದೆ. ವಯಸ್ಸಾದ ಹಾಗೆ ಒಳಗಿನ ದ್ರವ ಒಡೆದು ಅನಿಲವಾಗಿ ಇನ್ನಷ್ಟು ಊದುತ್ತದೆ. ತುಂಬಾ ಹೊತ್ತು ಪೂರ್ತಿ ಚಾರ್ಜ್‌ನಲ್ಲಿ, ಅದೂ ಬಿಸಿಯಲ್ಲಿ ಇಟ್ಟರೆ ಊದುವುದು ಜಾಸ್ತಿ. ಹಾಗಾಗಿ ಅದಕ್ಕೆ ಆಚೀಚೆ ಉಸಿರಾಡಲು ಜಾಗ ಬಿಡಲೇಬೇಕು.

2016ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ಗ್ಯಾಲಕ್ಸಿ ನೋಟ್ 7 ಫೋನುಗಳು ಹೊತ್ತಿ ಉರಿದದ್ದು ನೆನಪಿದೆಯಾ? 2017ರ ಜನವರಿಯಲ್ಲಿ ಕಂಪನಿಯೇ ಕಾರಣ ಹೇಳಿತು. ಒಂದು ಬಗೆಯ ಬ್ಯಾಟರಿಯಲ್ಲಿ ಚೀಲದೊಳಗೆ ಸಾಕಷ್ಟು ಜಾಗವಿಲ್ಲದೆ ಮೇಲಿನ ಮೂಲೆಯಲ್ಲಿ ಪದರ ಬಾಗಿತ್ತು. ಅಷ್ಟು ದೊಡ್ಡ ಕಾರ್ಖಾನೆಯಲ್ಲೇ ಒಂದು ಮೂಲೆ ಬಾಗಿ ಅನಾಹುತವಾಗಿದೆ. ನಾನು ಇಡೀ ಸೆಲ್ಲನ್ನೇ ಹೆಬ್ಬೆರಳಲ್ಲಿ ಬಾಗಿಸಿದ್ದೆ.

ಏಳು ತಿಂಗಳು ಏನೂ ಆಗಲಿಲ್ಲ. ಸಿಕ್ಕಿದವರಿಗೆಲ್ಲ ತೋರಿಸಿ ಜಂಬ ಕೊಚ್ಚಿಕೊಂಡೆ. ರಾತ್ರಿಯೆಲ್ಲಾ ಚಾರ್ಜರ್‌ಗೆ ಸಿಕ್ಕಿಸಿ ದಿಂಬಿನ ಪಕ್ಕ ಇಡುತ್ತಿದ್ದೆ. ಇದನ್ನು ಬರೆಯುವಾಗ ನನಗೇ ಮೈ ಜುಮ್ಮೆನ್ನುತ್ತದೆ.

ಆಮೇಲೆ ಪರದೆಯ ಒಂದು ಮೂಲೆಯಲ್ಲಿ ಬಿಳಿಚಿಕೊಂಡ ಮಚ್ಚೆ ಕಾಣಿಸಿತು. ಹಳೇ ಪರದೆ, ಹಾಗೇ ಇರುತ್ತದೆ ಅಂದುಕೊಂಡೆ. ಕೆಲವು ದಿನ ಬಿಟ್ಟು ಚಕ್ರದ ನಡುವಿನ ಬಟನ್ ಗಟ್ಟಿಯಾಯಿತು. ಆಮೇಲೆ ಮುಂಭಾಗಕ್ಕೂ ಬೆನ್ನಿಗೂ ನಡುವೆ ಉಗುರು ಹೋಗುವಷ್ಟು ಸಂದು. ಅದು ಮೂರು ಸಲ ಕೂಗಿ ಹೇಳಿತ್ತು. ನನಗೆ ಕೇಳಿಸಿದ್ದು ಮೂರನೆಯದು ಮಾತ್ರ. ಕೇಳಿಸಿದ ಮೇಲೂ ಮಾಡಬಾರದ್ದನ್ನೇ ಮಾಡಿದೆ.

ರಾತ್ರಿ ಹತ್ತಾಗಿತ್ತು. ಕಿಟಕಿ ಮುಚ್ಚಿತ್ತು. ಮರದ ಮೇಜು, ಮೇಲೆ ಬಟ್ಟೆ ಹಾಸಿದ್ದೆ, ಸ್ಕ್ರೂ ಉರುಳಿ ಹೋಗಬಾರದು ಅಂತ. ಐಪಾಡ್ ಆಗಷ್ಟೇ ಚಾರ್ಜರ್‌ನಿಂದ ತೆಗೆದದ್ದು, ಅಂದರೆ 4.2 ವೋಲ್ಟ್, ತುಂಬಿ ತುಳುಕುವ ಸ್ಥಿತಿ. ಬಿಚ್ಚಿದೆ. ಬ್ಯಾಟರಿ ದಿಂಬಿನ ಹಾಗೆ ಉಬ್ಬಿತ್ತು. ನಾನೇ ಹಾಕಿದ್ದ ಎರಡು ಮುಖದ ಅಂಟು ಅದನ್ನು ಬೆನ್ನಿಗೆ ಬಿಗಿಯಾಗಿ ಹಿಡಿದಿತ್ತು. ಪ್ಲಾಸ್ಟಿಕ್ ಪಟ್ಟಿ ಬಾಗಿ ಹೋಗುತ್ತಿತ್ತು. ಪಕ್ಕದಲ್ಲೇ ತೆಳುವಾದ ಉಕ್ಕಿನ ಪಟ್ಟಿ ಇತ್ತು. ಅದನ್ನು ಎತ್ತಿಕೊಂಡೆ.

ಸುಲಭವಾಗಿ ಒಳಗೆ ಹೋಯಿತು, ತೀರಾ ಸುಲಭವಾಗಿ. ಅಂಟಿನಲ್ಲಿ ಅಲ್ಲ, ಸೆಲ್‌ನಲ್ಲೇ ಹೋಗುತ್ತಿದೆ ಅಂತ ತಿಳಿಯುವಷ್ಟರಲ್ಲಿ ‘ಟುಸ್’ ಅಂದಿತು. ಸಿಹಿ ಸಿಹಿ ವಾಸನೆ, ಉಗುರುಬಣ್ಣ ಒರೆಸುವ ದ್ರವದ ಥರ. ಮೂಗು ಅದೇನು ಅಂತ ಯೋಚಿಸುತ್ತಿರುವಾಗಲೇ ಬಿಳಿ ಹೊಗೆ, ಹಿಂದೆಯೇ ಬೆಂಕಿ. ಗೇಣುದ್ದದ ಜ್ವಾಲೆ ಪಕ್ಕಕ್ಕೆ ಚಿಮ್ಮಿತು, ಸುರುಸುರುಬತ್ತಿಯ ಹಾಗೆ ಕಿಡಿ ಉಗುಳುತ್ತಾ. ಕೈ ತಾನಾಗೇ ಬಿಟ್ಟಿತು. ಬಿಟ್ಟದ್ದು ಬಟ್ಟೆಯ ಮೇಲೆ.

ಮುಂದಿನ ಪೆದ್ದುತನ ಕೇಳಿ. ಟವೆಲ್ ತಂದು ಮುಚ್ಚಿದೆ. ಗಾಳಿ ತಪ್ಪಿಸಿದರೆ ಆರುತ್ತದೆ ಅಂತ ಲೆಕ್ಕ. ಆದರೆ ಈ ಬೆಂಕಿಗೆ ಹೊರಗಿನ ಗಾಳಿಯೊಂದನ್ನೇ ನಂಬುವ ದರ್ದಿಲ್ಲ. ಕಾದ ಕ್ಯಾಥೋಡ್, ಅಂದರೆ ಸೆಲ್‌ನ ಪ್ಲಸ್ ಕಡೆಯ ಪದರ, ತಾನೇ ಆಮ್ಲಜನಕ ಬಿಡುತ್ತದೆ. ಟವೆಲ್ಲಿಗೂ ಹತ್ತಿತು. ಕೊನೆಗೆ ಎಲ್ಲವನ್ನೂ ಒಂದು ಉಕ್ಕಿನ ತಟ್ಟೆಗೆ ತಳ್ಳಿ, ಓಡಿ ಹೊರಗಿನ ಸಿಮೆಂಟು ನೆಲದ ಮೇಲೆ ಬಿಟ್ಟೆ. ಬೆರಳು ಸುಟ್ಟದ್ದು ತಳ್ಳುವಾಗ. ಆರಿತು ಅಂತ ಹತ್ತಿರ ಬಗ್ಗಿ ನೋಡಿದೆ. ಒಂದು ನಿಮಿಷದ ಮೇಲೆ ಮತ್ತೆ ಹೊತ್ತಿಕೊಂಡಿತು.

ಸುಟ್ಟ ಬೆರಳಿಗಿಂತ ಹೆಚ್ಚು ಕಾಡಿದ್ದು ಹೊಗೆ. ಎರಡು ದಿನ ಎದೆಯಲ್ಲಿ ಉರಿ, ಒಣಕೆಮ್ಮು. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ ಹೊಗೆ ಕುಡಿದಿರಾ ಅಂತ. ಈ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ. ನೀರು ಸೇರಿದರೆ ಅದು ಗಾಜನ್ನೇ ಕೊರೆಯುವ ಆಮ್ಲ. ಅದನ್ನು ಮುಚ್ಚಿದ ಕೋಣೆಯಲ್ಲಿ ನಿಂತು ನಾನು ಎಳೆದುಕೊಂಡಿದ್ದೆ. ಬೆಂಕಿ ನೋಡಿ ಓಡುವ ನಾವು ಹೊಗೆ ನೋಡಿ ಓಡುವುದಿಲ್ಲ. ಇಲ್ಲಿ ಮೊದಲು ಓಡಬೇಕಾದದ್ದೇ ಹೊಗೆಯಿಂದ.

ಈಗ ನಾನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ. ಉಬ್ಬಿದ ಬ್ಯಾಟರಿ ಕಂಡರೆ ಮೊದಲು ಚಾರ್ಜ್ ಹಾಕುವುದನ್ನು ನಿಲ್ಲಿಸುತ್ತೇನೆ. ಸ್ವಲ್ಪ ಮಾತ್ರ ಉಬ್ಬಿ, ಗ್ಯಾಜೆಟ್ ಇನ್ನೂ ತಣ್ಣಗೆ ನಡೆಯುತ್ತಿದ್ದರೆ, ಹೊರಗೆ ಕಲ್ಲಿನ ಮೇಲಿಟ್ಟು ಕಾಲುಭಾಗಕ್ಕಿಂತ ಕೆಳಗೆ ಇಳಿಯುವವರೆಗೆ ಸುಮ್ನೆ ಓಡಿಸುತ್ತೇನೆ. ಒಳಗೆ ಶಕ್ತಿ ಕಡಿಮೆ ಇದ್ದಷ್ಟೂ ಉರಿಯುವುದು ಕಡಿಮೆ. ಬಿಸಿಯಾಗಿದ್ದರೆ, ವಾಸನೆ ಬರುತ್ತಿದ್ದರೆ ಮುಟ್ಟುವುದೇ ಇಲ್ಲ. ಬಿಚ್ಚುವ ಕೆಲಸ ಗಾಳಿ ಆಡುವ ಕಡೆ, ಸುಡದ ನೆಲದ ಮೇಲೆ. ಪಕ್ಕದಲ್ಲಿ ಒಣ ಮರಳು ತುಂಬಿದ ಲೋಹದ ಬಕೆಟ್. ಮರಳು ಒಳಗಿನ ಬೆಂಕಿಯನ್ನು ನಿಲ್ಲಿಸುವುದಿಲ್ಲ, ಕಿಡಿ ಹಾರದಂತೆ ಹಿಡಿದಿಡುತ್ತದೆ, ಅಷ್ಟೇ. ಪಕ್ಕದ ವಸ್ತುಗಳಿಗೆ ಹತ್ತಿದರೆ ನೀರು. ಲಿಥಿಯಂ ಅಂದರೆ ನೀರು ಹಾಕಲೇಬಾರದು ಅಂತ ಕೆಲವರು ಹೆದರಿಸುತ್ತಾರೆ. ಇಂಥ ಚಾರ್ಜ್ ಮಾಡುವ ಲಿಥಿಯಂ ಅಯಾನ್ ಸೆಲ್‌ಗಳಲ್ಲಿ ಲೋಹರೂಪದ ಲಿಥಿಯಂ ಗಟ್ಟಿ ಇರುವುದಿಲ್ಲ. ತಣ್ಣಗಾಗಿಸಲು ನೀರೇ ಒಳ್ಳೆಯದು.

ಅಂಟು ಬಿಡಿಸಲು ಲೋಹ ಬೇಡವೇ ಬೇಡ. ಐಸೋಪ್ರೊಪೈಲ್ ಆಲ್ಕೋಹಾಲ್ ನಾಲ್ಕು ಹನಿ ಅಂಚಿನಲ್ಲಿ ಬಿಟ್ಟು ಕೆಲವು ನಿಮಿಷ ಕಾಯಿರಿ. ಆಮೇಲೆ ಹಲ್ಲಿನ ಸಂದು ಶುಚಿ ಮಾಡುವ ದಾರವನ್ನು ಸೆಲ್ ಕೆಳಗೆ ಹಾಕಿ ಗರಗಸದ ಹಾಗೆ ಎಳೆಯಿರಿ. ನಿಧಾನ, ಬೇಸರ ಬರುತ್ತದೆ. ಆದರೆ ದಾರ ಚೀಲವನ್ನು ಚುಚ್ಚುವುದಿಲ್ಲ. ಹೊಸ ಸೆಲ್ ಹಾಕುವಾಗ ಇಡೀ ಅಡಿಗೆ ಅಂಟು ಹಚ್ಚಬೇಡಿ, ಮುಂದೊಂದು ದಿನ ಅದನ್ನು ಕೀಳುವವರು ನೀವೇ.

ಸೆಲ್ ಕೊಳ್ಳುವಾಗ ಮೈಮೇಲಿನ ನಂಬರ್ ನೋಡಿ. 503450 ಅಂತಿದ್ದರೆ 5.0 ಮಿಲಿಮೀಟರ್ ದಪ್ಪ, 34 ಅಗಲ, 50 ಉದ್ದ. ಮೊದಲು ಡಬ್ಬಿಯೊಳಗಿನ ಜಾಗ ಅಳೆಯಿರಿ, ಅದರಲ್ಲಿ ಹತ್ತನೇ ಒಂದು ಭಾಗ ಊದುವುದಕ್ಕೆ ಅಂತ ಬಿಡಿ, ಉಳಿದದ್ದಕ್ಕೆ ಸೆಲ್ ಹುಡುಕಿ. ಎಂಎಎಚ್ ನೋಡಿ ಆಮೇಲೆ ಜಾಗ ಹುಡುಕಿದರೆ ನನ್ನ ದಾರಿಯೇ. ಲೇಬಲ್ಲಿನ ಎಂಎಎಚ್ ಕೂಡ ನಂಬುವ ಹಾಗಿಲ್ಲ. ನನ್ನದರ ಜೊತೆ ತರಿಸಿದ್ದ ಜೋಡಿ ಸೆಲ್ಲನ್ನು ಆಮೇಲೆ ಮೀಟರ್‌ಗೆ ಹಾಕಿ ಖಾಲಿ ಮಾಡಿ ನೋಡಿದೆ. 3,000 ಅಂತ ಬರೆದದ್ದು 1,700ಕ್ಕೆ ನಿಂತಿತು. ಅಂದರೆ ಇಲ್ಲದ ಶಕ್ತಿಗಾಗಿ ಕೈ ಸುಟ್ಟುಕೊಂಡೆ! ವೈರಿನ ಬಣ್ಣವನ್ನೂ ನಂಬಬೇಡಿ. ಎರಡು ಪಿನ್ನಿನ ಚಿಕ್ಕ ಬಿಳಿ ಕನೆಕ್ಟರ್‌ಗಳಲ್ಲಿ ಪ್ಲಸ್ ಯಾವ ಕಡೆ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ.

ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಗ್ಯಾಜೆಟ್ ಸಿಕ್ಕರೆ ನೇರ ಚಾರ್ಜರ್‌ಗೆ ಹಾಕುವ ಆಸೆಯನ್ನೂ ತಡೆಯಿರಿ. ವೋಲ್ಟೇಜ್ ತೀರಾ ಕೆಳಗೆ ಬಿದ್ದು ಬಹಳ ಕಾಲ ಕಳೆದ ಸೆಲ್ಲಿನಲ್ಲಿ ತಾಮ್ರದ ಹಾಳೆ ಕರಗಲು ಶುರುವಾಗಿರಬಹುದು. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಮಾಡಬಹುದು. ಸತ್ತ ಸೆಲ್ಲನ್ನು ಬೇರೆ ಬ್ಯಾಟರಿ ತಾಗಿಸಿ ಎಬ್ಬಿಸುವ ಚಮತ್ಕಾರ ನಾನೂ ಮಾಡಿದ್ದೇನೆ. ಇನ್ನು ಮಾಡುವುದಿಲ್ಲ.

ಬ್ಯಾಟರಿ ಮಾತು ಬಂತು, ಹಳೇ ಡೆಸ್ಕ್‌ಟಾಪ್ ಇಟ್ಟವರಿಗೂ ಒಂದು ಮಾತು. 386, 486 ಅನ್ನುವ ಹಳೇ ಪ್ರೊಸೆಸರ್‌ಗಳ ಕಾಲದ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಪೀಪಾಯಿ ಆಕಾರದ 3.6 ವೋಲ್ಟ್ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಾರೆ, ಗಡಿಯಾರ ನಡೆಯಲು. ಅದು ಹೊತ್ತಿ ಉರಿಯುವುದಿಲ್ಲ, ಸದ್ದಿಲ್ಲದೆ ಸೋರುತ್ತದೆ. ಆಮೇಲೆ ನೋಡೋಣ ಅಂತ ಒಂದು 486 ಬೋರ್ಡನ್ನು ಎತ್ತಿಟ್ಟಿದ್ದೆ. ತೆಗೆದಾಗ ಹಸಿರು ಪಾಚಿ ಹಿಡಿದ ಹಾಗಿತ್ತು. ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿಂದು, ಕೀಬೋರ್ಡ್ ಕನೆಕ್ಟರ್ ತನಕ ಹರಡಿತ್ತು. ವಿನೆಗರ್ ಹಚ್ಚಿ ತೊಳೆದೆ, ಕ್ಷಾರಕ್ಕೆ ಅದೇ ಮದ್ದು. ಆದರೆ ಬೋರ್ಡು ಏಳಲಿಲ್ಲ. ಈಗ ಯಾವ ಹಳೇ ಬೋರ್ಡು ಬಂದರೂ ಪವರ್ ಕೊಡುವ ಮೊದಲೇ ಆ ಪೀಪಾಯಿಯನ್ನು ಕತ್ತರಿಸಿ ತೆಗೆಯುತ್ತೇನೆ. ಗಡಿಯಾರ ತಪ್ಪು ತೋರಿಸಲಿ, ಪರವಾಗಿಲ್ಲ.

ತೆಗೆದ ಲಿಥಿಯಂ ಸೆಲ್ಲನ್ನು ಮನೆಯ ಕಸಕ್ಕೆ ಹಾಕಬೇಡಿ. ಕಸದ ಲಾರಿಯಲ್ಲಿ ಒತ್ತುವಾಗ ಅದು ಹೊತ್ತಿಕೊಂಡರೆ ಸುಡುವುದು ಇನ್ನೊಬ್ಬರ ಕೈ. ತುದಿಗಳಿಗೆ ಟೇಪ್ ಸುತ್ತಿ, ಮರಳು ತುಂಬಿದ ಡಬ್ಬಿಯಲ್ಲಿ ಮನೆಯ ಹೊರಗಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಐಪಾಡ್ ಏನಾಯಿತು ಅಂತ ಕೇಳುತ್ತೀರಿ. ಬೆನ್ನನ್ನು ಬೇರೆ ಮಾಡಿಟ್ಟಿದ್ದರಿಂದ ಬೋರ್ಡು, ಪರದೆ, ಕಾರ್ಡು ಎಲ್ಲಾ ಉಳಿದುಕೊಂಡವು. ಈಗ ಅದಕ್ಕೆ 14 ಮಿಲಿಮೀಟರಿನ ದಪ್ಪ ಬೆನ್ನು ಬಂದಿದೆ. ಒಳಗೆ ಚಿಕ್ಕ ಸೆಲ್, ಸುತ್ತ ಒಂದಿಷ್ಟು ಖಾಲಿ ಜಾಗ. ಖಾಲಿ ಜಾಗ ಈಗ ನನ್ನನ್ನು ಕೆಣಕುವುದಿಲ್ಲ. ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಸ್ಕೇಲನ್ನು ಅದರ ಮುಖದ ಮೇಲೆ ಅಡ್ಡ ಇಟ್ಟು ಬೆಳಕಿಗೆ ಹಿಡಿಯುತ್ತೇನೆ. ನಡುವೆ ಉಬ್ಬಿದ್ದರೆ ಎರಡು ಬದಿಯಲ್ಲೂ ಬೆಳಕಿನ ಗೆರೆ ಇಣುಕುತ್ತದೆ. ನಿನ್ನೆ ನೋಡಿದೆ, ಕಾಣಲಿಲ್ಲ.